ಒರೆಸಪ್ಪನ ಕಾರಿನ ತೂತು

ಒರೆಸಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು, ಪಾಪ, ಒಳ್ಳೆಯ ಹೆಸರನ್ನೇ ಹುಡುಕಿ ಇಟ್ಟಿದ್ದರು. ಅದೀಗ ಕಚೇರಿಯ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಈ ಹೆಸರು ಬೀದಿಯವರ ಕೊಡುಗೆ. ಬೆಳಗಾಯಿತೆಂದರೆ ಒಂದು ಬಕೆಟ್ ನೀರು, ಹೆಗಲ ಮೇಲೆ ಹಳೆಯ ಬನಿಯನ್ನಿನ ತುಂಡು, ಮುಖದ ಮೇಲೆ ಲೋಕೋದ್ಧಾರಕ್ಕೆ ಹೊರಟವನ ಗಾಂಭೀರ್ಯ ಹೊತ್ತುಕೊಂಡು ಮನೆಮುಂದಿನ ತಿಳಿನೀಲಿ ಕಾರನ್ನು ಒರೆಸಲು ನಿಲ್ಲುವ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ.

ತನ್ನ ಪಾಡಿಗೆ ತಾನು ಒರೆಸಿಕೊಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಸುಮ್ಮನಿರುವ ಜಾಯಮಾನ ಅವನದಲ್ಲ. ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ ಉಪದೇಶ ಕೊಡಬೇಕು. ಎದುರುಮನೆ ದರ್ಜಿಯ ಸ್ಕೂಟರಿಗೆ ಒಂದಿಷ್ಟು ತುಕ್ಕು ಕಂಡಿತು ಅಂತ ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಕೊಟ್ಟ ಭಾಷಣ ಎಷ್ಟು ಉದ್ದವಿತ್ತೆಂದರೆ, ದರ್ಜಿ ಮಾರನೆಯ ವಾರವೇ ಸ್ಕೂಟರ್ ಮಾರಿ ನಡೆದು ಓಡಾಡತೊಡಗಿದ. "ತುಕ್ಕು ಹಿಡಿಯೋದು ಕಬ್ಬಿಣಕ್ಕಲ್ಲ ಸ್ವಾಮಿ, ಅದರ ಯಜಮಾನನಿಗೆ" ಅನ್ನುವುದು ಒರೆಸಪ್ಪ ತಾನೇ ಹೊಸೆದು, ತಾನೇ ಮೆಚ್ಚಿಕೊಂಡು, ಸಿಕ್ಕಸಿಕ್ಕವರ ಮೇಲೆ ಎಸೆಯುತ್ತಿದ್ದ ಮಾತು. ದರ್ಜಿ ಆ ಮಾತನ್ನು ಮರೆಯಲಿಲ್ಲ. ದರ್ಜಿಗಳು ಅಳತೆಯನ್ನೂ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ.

ಇಷ್ಟಾಗಿ ಆ ಕಾರು ಒರೆಸಪ್ಪನದೇ ಅಲ್ಲ. ಅದು ಮಾವನದು. ಮಾವ ಅಂದರೆ ಹೆಂಡತಿಯ ಅಪ್ಪ, ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು, ಅರಗಿನ ಮುದ್ರೆ ಬೀಳದ ಯಾವ ವಸ್ತುವನ್ನೂ ನಂಬದವರು. ಮಗಳ ಮನೆಗೆ ಒಂದು ಡಬ್ಬಿ ಸಕ್ಕರೆ ಕಳಿಸಿದರೂ ಮುಚ್ಚಳದ ಸುತ್ತ ಕೆಂಪು ಅರಗು ಮೆತ್ತಿ ಕಳಿಸುತ್ತಿದ್ದರು. ಅದನ್ನು ತೆಗೆಯುವುದಕ್ಕೆ ಸುತ್ತಿಗೆ ಹುಡುಕಬೇಕಾಗುತ್ತಿತ್ತು, ಅಷ್ಟರಲ್ಲಿ ಟೀ ಆರಿರುತ್ತಿತ್ತು. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟಾಗ ಅದನ್ನು ಹಿರಿಯ ಅಳಿಯನ ಮನೆಮುಂದೆ ತಂದು ನಿಲ್ಲಿಸಿ, ಕೀ ಕೈಯಲ್ಲಿಡುವ ಮುಂಚೆ ಅವರು ಒಂದು ಮಾತು ಹೇಳಿದ್ದರು:

"ಕೊಟ್ಟಿಲ್ಲ ಅಳಿಯಂದಿರೇ, ಬಿಟ್ಟು ಹೋಗ್ತಿದೀನಿ. ಚೆನ್ನಾಗಿ ನೋಡ್ಕೊಂಡ್ರೆ ನಿಮ್ಮ ಹತ್ರಾನೇ ಇರತ್ತೆ. ಇಲ್ಲಾಂದ್ರೆ ಚಿಕ್ಕ ಅಳಿಯಂದಿರು ಇದ್ದೇ ಇದಾರೆ."

ಚಿಕ್ಕ ಅಳಿಯ, ಅಂದರೆ ಒರೆಸಪ್ಪನ ಷಡ್ಡಕ, ಕರವಸ್ತ್ರಕ್ಕೂ ಇಸ್ತ್ರಿ ಹಾಕಿಸುವ ಆಸಾಮಿ. ಅವನ ಬೂಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಕಾರು ಅವನ ಪಾಲಾಯಿತೆಂದರೆ ಒರೆಸಪ್ಪನ ಹೆಂಡತಿ, ಊರಾಚೆಯ ಶಾಲೆಯ ಟೀಚರು, ಮತ್ತೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗಬೇಕು. ಅದನ್ನಾದರೂ ಆಕೆ ಹಲ್ಲು ಕಚ್ಚಿ ಸಹಿಸಿಯಾಳು. ಆದರೆ ಮಾವನ ಮನೆಯ ಹಜಾರದಲ್ಲಿ ಒರೆಸಪ್ಪ ಹಿರಿಯ ಅಳಿಯ ಅಂತ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದನಲ್ಲ, ಆ ಕಾಲು ಇನ್ನು ಮೇಲಕ್ಕೆ ಏಳುವ ಹಾಗಿರಲಿಲ್ಲ.

ಹೀಗಿರುವಾಗ ಮಾವನ ಫೋನು ಬಂತು. ಬರುವ ಭಾನುವಾರ ಬರುತ್ತಾರಂತೆ. ಕಾರು ನೋಡಿ ಬಹಳ ದಿನವಾಯಿತಂತೆ. ಜೊತೆಗೆ ಚಿಕ್ಕ ಅಳಿಯನೂ ಬರುತ್ತಾನಂತೆ, ಸುಮ್ಮನೆ. ಷಡ್ಡಕ ಯಾವತ್ತೂ ಎಲ್ಲಿಗೂ ಸುಮ್ಮನೆ ಬಂದವನಲ್ಲ ಅನ್ನುವುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಒರೆಸಪ್ಪ ಒಂದು ಬಕೆಟ್ಟಿನ ಬದಲು ಎರಡು ಬಕೆಟ್ ನೀರು ಹೊಯ್ದು ಒರೆಸುತ್ತಿದ್ದಾಗ, ಡ್ರೈವರ್ ಕಡೆಯ ಬಾಗಿಲಿನ ಕೆಳಭಾಗದಲ್ಲಿ ಬಣ್ಣ ಒಂದು ಕಡೆ ಗುಳ್ಳೆ ಎದ್ದಿದ್ದು ಕಂಡಿತು. ಹೆಸರುಕಾಳಿನಷ್ಟು. ತಲೆಯಲ್ಲಿ ಬುದ್ಧಿ ಇರುವವನು ಅದನ್ನು ನೋಡದ ಹಾಗೆ ಎದ್ದು ಹೋಗುತ್ತಾನೆ. ಇವನು ಉಗುರಿನಿಂದ ಒತ್ತಿದ. ಬಣ್ಣ ಕಳಚಿ ಬಿತ್ತು, ಕಂದು ಪುಡಿ ಉದುರಿತು, ಉಗುರು ಸೀದಾ ಬಾಗಿಲಿನ ಒಳಕ್ಕೆ ಹೋಯಿತು.

ತುಕ್ಕು. ಒರೆಸಪ್ಪನ ಕಾರಿಗೆ ತುಕ್ಕು. ಅದೇ ಹೊತ್ತಿಗೆ ದರ್ಜಿ ಮನೆಯಿಂದ ಹೊರಗೆ ಬರಬೇಕೆ? ಒರೆಸಪ್ಪ ಮೊಣಕಾಲಿನಿಂದ ತೂತನ್ನು ಮುಚ್ಚಿಕೊಂಡು, ಬಾಗಿಲಿಗೆ ಒರಗಿ, ಆಕಾಶ ನೋಡುತ್ತ ಒಂಟಿಕಾಲಲ್ಲಿ ನಿಂತ. ದರ್ಜಿ ಬೀದಿ ದಾಟುವವರೆಗೂ ನಿಂತೇ ಇದ್ದ.

ಒಳಗಿಂದ ಬಂದ ಹೆಂಡತಿ ಬಗ್ಗಿ ನೋಡಿದಳು. ನೋಡಿ, ತಣ್ಣಗೆ ಕೇಳಿದಳು: "ನಿಮ್ಮ ಮಾತಿನ ಪ್ರಕಾರ ಇದು ಹಿಡಿದಿರೋದು ಯಾರಿಗೆ ರೀ?"

ಒರೆಸಪ್ಪ ಕಾರನ್ನು ಅಲ್ಲೇ ಬಿಟ್ಟು, ಸುತ್ತಿ ಬಳಸಿ ನಡೆದುಕೊಂಡು ಟಿಂಕರಿಂಗ್ ಅಂಗಡಿಗೆ ಹೋದ. ಅಲ್ಲಿ ತನ್ನ ಸ್ನೇಹಿತರೊಬ್ಬರ ಕಾರಿಗೆ ಸ್ವಲ್ಪ ತೊಂದರೆಯಾಗಿದೆ ಅಂತ ಪೀಠಿಕೆ ಹಾಕಿದ. ಟಿಂಕರ್ ಮೇಸ್ತ್ರಿ ಸಾಮಾನ್ಯನಲ್ಲ. ಈ ಊರಿನ ಅರ್ಧ ವಾಹನಗಳು ರಸ್ತೆಯ ಮೇಲೆ ನಿಂತಿರುವುದು ತನ್ನ ಕೃಪೆಯಿಂದ ಅಂತ ನಂಬಿದವನು. ಕಾರನ್ನು ನೋಡದೆಯೇ ಹೇಳಿಬಿಟ್ಟ: ಹೊರಗೆ ಕಾಣುವುದು ಹೆಸರುಕಾಳಿನಷ್ಟಾದರೆ ಒಳಗೆ ಅಂಗೈಯಷ್ಟು ಇರುತ್ತದೆ, ತುಕ್ಕನ್ನೆಲ್ಲ ಕೆರೆದು ಹಾಕಬೇಕು, ಗಟ್ಟಿ ತಗಡು ಫಳಫಳ ಹೊಳೆಯುವವರೆಗೂ ಕೆರೆಯಬೇಕು, ಆಮೇಲೆ ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ಒಳಮುಖವಾಗಿ ತಟ್ಟಿ ಗುಣಿ ಮಾಡಬೇಕು, ಆ ಗುಣಿಗೆ ಜಾಲರಿ ಇಟ್ಟು ಪುಟ್ಟಿ ಮೆತ್ತಬೇಕು, ಒಣಗಿದ ಮೇಲೆ ಉಜ್ಜಿ ಬಣ್ಣ ಹೊಡೆಯಬೇಕು, ಅಷ್ಟೇ. ಯಾವಾಗ ಮಾಡಿಕೊಡುತ್ತೀಯಪ್ಪ ಅಂದರೆ, ಇಂಥ ಚಿಲ್ಲರೆ ತೂತಿಗೆಲ್ಲ ತಾನು ಕೈ ಹಾಕುವುದಿಲ್ಲ, ತೂತು ದೊಡ್ಡದಾದ ಮೇಲೆ ಬರಲು ಹೇಳಿ ಅಂದ.

ಅಷ್ಟೇ ಅಂದನಲ್ಲ, ಆ ಒಂದು ಪದ ಒರೆಸಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಈ 'ಅಷ್ಟೇ' ಅನ್ನುವ ಪದ ಎಷ್ಟು ಸಂಸಾರಗಳನ್ನು ಹಾಳು ಮಾಡಿದೆಯೋ ಲೆಕ್ಕವಿಲ್ಲ. ಬರುವಾಗಲೇ ಒಂದು ಡಬ್ಬಿ ಪುಟ್ಟಿ, ಅದನ್ನು ಗಟ್ಟಿ ಮಾಡುವ ಟ್ಯೂಬು, ಉಪ್ಪುಕಾಗದ ಎಲ್ಲ ಕೊಂಡು ತಂದ. ಕಚೇರಿಗೆ ಹೊಟ್ಟೆನೋವು ಅಂತ ತಿಳಿಸಿದ. ಬೀದಿ ಮಧ್ಯಾಹ್ನದ ನಿದ್ದೆಗೆ ಜಾರುವುದನ್ನೇ ಕಾದು, ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ.

ಕೆರೆದ. ಹೆಸರುಕಾಳು ಬಟಾಣಿಯಾಯಿತು. ಹೊಳೆಯುವ ತಗಡು ಕಾಣಲಿಲ್ಲ. ಇನ್ನೂ ಕೆರೆದ. ಹೀಗೂ ಉಂಟೆ, ಮುಚ್ಚಬೇಕಾದ ತೂತನ್ನು ಕೂತುಕೊಂಡು ದೊಡ್ಡದು ಮಾಡುವುದು? ಆದರೆ ಶಾಸ್ತ್ರ ಹಾಗೇ ಇದೆ, ಏನು ಮಾಡುವುದು. ಕೊನೆಗೆ ಹೆಬ್ಬೆರಳು ಆರಾಮವಾಗಿ ಹೋಗಿಬರುವಷ್ಟು ಆದಾಗ ಸುತ್ತಲೂ ಬೆಳ್ಳಗೆ, ಫಳಫಳ ತಗಡು ಕಂಡಿತು. ಒರೆಸಪ್ಪನ ಜೀವಕ್ಕೆ ಜೀವ ಬಂತು. ಸುತ್ತಿಗೆ ತೆಗೆದುಕೊಂಡು ಅಂಚನ್ನು ಸುತ್ತಲೂ ಒಳಮುಖವಾಗಿ ತಟ್ಟಿದ. ಮೇಸ್ತ್ರಿ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗುಂಡನೆಯ ತೂತು, ಹೊಳೆಯುವ ಅಂಚು, ಒಳಕ್ಕೆ ಬಾಗಿದ ತಗಡು. ಜೀವನದಲ್ಲಿ ಅವನು ಯಾವ ಕೆಲಸವನ್ನೂ ಇಷ್ಟು ಸರಿಯಾಗಿ ಮಾಡಿರಲಿಲ್ಲ.

ಎಡವಟ್ಟಾದದ್ದು ಪುಟ್ಟಿ ಕಲಸುವಾಗ. ಟ್ಯೂಬಿನಿಂದ ಒಂದು ಚೂರು ಹಿಂಡಿ ಅಂತ ಡಬ್ಬಿಯ ಮೇಲೆ ಬರೆದಿತ್ತು. ಚೂರು ಹಾಕಿದರೆ ಇಷ್ಟು ಗಟ್ಟಿಯಾಗುತ್ತದೆ ಎಂದಾದರೆ ಪೂರ್ತಿ ಹಾಕಿದರೆ ಎಷ್ಟು ಗಟ್ಟಿಯಾಗಬೇಡ ಅಂತ ಇವನು ಪೂರ್ತಿ ಹಿಂಡಿದ. ಗಟ್ಟಿಯೇನೋ ಆಯಿತು. ಆದರೆ ಬಾಗಿಲಿನ ಮೇಲಲ್ಲ. ಹೆಂಡತಿಯ ಅಡುಗೆಮನೆಯ ಬಟ್ಟಲಲ್ಲಿ, ಹೆಂಡತಿಯ ಅಡುಗೆಮನೆಯ ಚಾಕುವನ್ನು ನಟ್ಟನಡುವೆ ನಿಲ್ಲಿಸಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಯಿತು. ಚಾಕು ಹಿಡಿದು ಎತ್ತಿದರೆ ಬಟ್ಟಲೂ ಜೊತೆಗೇ ಬಂತು. ಅದನ್ನು ಹಾಗೇ ಸೋಫಾದ ಕೆಳಗೆ ಬಚ್ಚಿಟ್ಟು, ಇನ್ನೊಂದು ಡಬ್ಬಿ ತರಲು ಅಂಗಡಿಗೆ ಓಡಿದ. ತೂತನ್ನು ಮುಚ್ಚಿ ಹೋಗಬೇಕು ಅನ್ನುವುದು ಹೊಳೆಯಲಿಲ್ಲ.

ವಾಪಸು ಬಂದಾಗ ಕಾರಿನ ಮುಂದೆ ಬಂದೂಕು ತಾತ ಕೂತಿದ್ದರು.

ಬಂದೂಕು ತಾತ ಪಕ್ಕದ ಮನೆಯವರು. ಬ್ಯಾಂಕೊಂದರ ಬಾಗಿಲಲ್ಲಿ ಸ್ಟೂಲಿನ ಮೇಲೆ ಬಂದೂಕು ಹಿಡಿದು ಕೂತೇ ಕೂದಲು ಹಣ್ಣು ಮಾಡಿಕೊಂಡವರು. ಅಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಹಾರಿಸುವ ಅವಕಾಶ ಸಿಗಲಿಲ್ಲ. ಹಾರದೆ ಉಳಿದ ಗುಂಡುಗಳೆಲ್ಲ ಅವರ ಬಾಯಿಗೆ ಬಂದು ಸೇರಿದ್ದವು. ಬೀದಿಯಲ್ಲಿ ಟೈರು ಸಿಡಿದರೂ ಅದು ಯಾವ ಬಂದೂಕಿನ ಸದ್ದು ಅಂತ ಹೇಳುವವರು. ಅಂಥವರು ಈಗ ಒರೆಸಪ್ಪನ ಬಾಗಿಲಿನ ತೂತಿನಲ್ಲಿ ಹೆಬ್ಬೆರಳಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಸುತ್ತಲೂ ದಿನಸಿ ಅಂಗಡಿಯವನು, ಮೂಲೆಮನೆಯ ಅತ್ತೆ ಸೊಸೆ, ಮತ್ತು ದರ್ಜಿ.

"ಯಾವಾಗ ಬಿತ್ತಪ್ಪಾ ಇದು?" ಅಂದರು ತಾತ.

"ಯಾವುದು?"

"ಗುಂಡು."

ಒಂದೇ ಒಂದು ಪದ ಸಾಕಿತ್ತು. 'ತುಕ್ಕು' ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಾವೆಲ್ಲ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆ ಪದ ಒರೆಸಪ್ಪನ ಗಂಟಲವರೆಗೆ ಬಂತು ಕೂಡ. ಅಷ್ಟರಲ್ಲಿ ದರ್ಜಿಯ ಮುಖ ಕಂಡಿತು. ಪದ ತಿರುಗಿ ಹೊಟ್ಟೆಗೆ ಹೋಯಿತು.

"ಅದು... ಬಿಡಿ ತಾತ, ಈಗ್ಯಾಕೆ" ಅಂದ.

ಮುಗಿಯಿತು. ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಹೇಳಿಕೊಳ್ಳಲಾರದಷ್ಟು ಹೆದರಿದ್ದಾನೆ ನೋಡಿ ಅಂತ ತಾತ ಎಲ್ಲರಿಗೂ ವಿವರಿಸಿದರು. ಅಂಚು ಒಳಕ್ಕೆ ಬಾಗಿದೆ, ಅಂದರೆ ಹೊರಗಿಂದ ಬಂದದ್ದು. ಅಂಚು ಹೊಳೆಯುತ್ತಿದೆ, ಅಂದರೆ ಈಚೆಗೆ ಬಂದದ್ದು. ಆ ಕಡೆಯಿಂದ ಹೊರಗೆ ಹೋಗಿಲ್ಲ, ಅಂದರೆ ಗುಂಡು ಬಾಗಿಲ ಒಳಗೇ ಇದೆ. ಬೇಕಾದರೆ ಕೇಳಿ ಅಂತ ಬಾಗಿಲನ್ನು ತೆರೆದು ಅಲ್ಲಾಡಿಸಿದರು. ಒಳಗೆ ಏನೋ ಗುಳುಕ್ ಅಂದಿತು. ಮೂಲೆಮನೆಯ ಅತ್ತೆ ಸೊಸೆಯ ಕೈ ಹಿಡಿದುಕೊಂಡಳು. ಅವರಿಬ್ಬರು ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಇನ್ನು ಹೊಡೆದವರು ಯಾರು ಅನ್ನುವ ಪ್ರಶ್ನೆ. ಅದಕ್ಕೂ ಬೀದಿಯ ಹತ್ತಿರ ಉತ್ತರ ಸಿದ್ಧವಿತ್ತು. ಒರೆಸಪ್ಪ ಗುಮಾಸ್ತನಾಗಿದ್ದದ್ದು ನೀರು ಸರಬರಾಜಿನ ಕಚೇರಿಯಲ್ಲಿ. ನಲ್ಲಿ ಕತ್ತರಿಸುವ ಆದೇಶಗಳೆಲ್ಲ ಅವನ ಮೇಜನ್ನು ದಾಟಿಯೇ ಹೋಗಬೇಕು. ಅಂದ ಮೇಲೆ ಊರಿನಲ್ಲಿ ನೀರಿಲ್ಲದೆ ಒದ್ದಾಡುವ ಪ್ರತಿಯೊಬ್ಬನೂ ಅನುಮಾನಕ್ಕೆ ಅರ್ಹ. ಸಂಜೆಯೊಳಗೆ ಸುದ್ದಿ ಕಚೇರಿಗೂ ಮುಟ್ಟಿತು. ಮಾರನೆಯ ಬೆಳಗ್ಗೆ ಒರೆಸಪ್ಪ ಒಳಗೆ ಕಾಲಿಟ್ಟರೆ, ಅವನ ಅಕ್ಕಪಕ್ಕದ ಮೇಜುಗಳೆಲ್ಲ ಗೋಡೆಯ ಕಡೆಗೆ ಸರಿದಿದ್ದವು. ಅವನದೊಂದೇ ಮೇಜು ನಡುಮಧ್ಯೆ ಒಂಟಿಯಾಗಿ ನಿಂತಿತ್ತು. ಸಾಹೇಬರು ಅವನನ್ನು ಕೋಣೆಗೆ ಕರೆಸಿ, ಹೊಟ್ಟೆನೋವು ಅಂದದ್ದು ಇದೇನಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ಕಣ್ಣಲ್ಲಿ ನೀರು ತಂದುಕೊಂಡರು. ಆದೇಶ ಬರೆಯುವವನು ಗುಮಾಸ್ತನಾದರೂ ರುಜು ಹಾಕುವವರು ಅವರೇ ತಾನೆ. ರಜೆ ತೆಗೆದುಕೊಳ್ಳಿ, ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಆದರೆ ಹೋಗುವಾಗ ದಯವಿಟ್ಟು ಹಿಂಬಾಗಿಲಿಂದ ಹೋಗಿ ಅಂದರು. ಒರೆಸಪ್ಪ ಹತ್ತಿರಕ್ಕೆ ಬಾಗಿ, ಸಾರ್, ಅದು ತುಕ್ಕು ಅಂತ ಪಿಸುಗುಟ್ಟಿದ. ನಿಮ್ಮ ಧೈರ್ಯ ದೊಡ್ಡದು, ನನಗೋಸ್ಕರ ಸುಳ್ಳು ಹೇಳಬೇಡಿ ಅಂತ ಸಾಹೇಬರು ಅವನ ಬೆನ್ನು ತಟ್ಟಿದರು.

ಮನೆಗೆ ಬಂದರೆ ಕಾರಿನ ಹತ್ತಿರ ದಫೇದಾರ. ಹೊಟ್ಟೆ ಮುಂದೆ, ನಿಟ್ಟುಸಿರು ಹಿಂದೆ. ಬಂದೂಕು ತಾತ ಠಾಣೆಗೆ ಮೂರು ಸಲ ಹೋಗಿ ಅವನ ಪ್ರಾಣ ತಿಂದಿದ್ದರು. ದಫೇದಾರನಿಗೆ ಕೇಸು ಬೇಕಾಗಿರಲಿಲ್ಲ. ಗುಂಡೂ ಬೇಕಾಗಿರಲಿಲ್ಲ. ನಿವೃತ್ತಿಯವರೆಗೂ ಕುರ್ಚಿಯೊಂದಿದ್ದರೆ ಅವನಿಗೆ ಸಾಕಿತ್ತು. ಆದರೆ ಇಡೀ ಬೀದಿ ಸುತ್ತ ನಿಂತಿರುವಾಗ ಏನಾದರೂ ಮಾಡಬೇಕಲ್ಲ. ಸೀಮೆಸುಣ್ಣ ತೆಗೆದು ತೂತಿನ ಸುತ್ತ ಒಂದು ವೃತ್ತ ಬರೆದ.

"ಮೇಲಿನವ್ರು ಹೇಳೋವರ್ಗೂ ಇದನ್ನ ಯಾರೂ ಮುಟ್ಟಂಗಿಲ್ಲ" ಅಂದ. "ಸಾಕ್ಷಿ ಇದು."

ಭಾನುವಾರ ಮಾವ ಬರುತ್ತಾರೆ. ಮನೆಯಲ್ಲಿ ಹೊಸ ಪುಟ್ಟಿ ಡಬ್ಬಿ ಇದೆ. ತೂತಿನ ಸುತ್ತ ಸೀಮೆಸುಣ್ಣದ ಗೆರೆ ಇದೆ. ಆ ಗೆರೆಯನ್ನು ಕಾಯಲು ಬಂದೂಕು ತಾತ ತಮ್ಮ ಮನೆಯ ಸ್ಟೂಲನ್ನು ತಂದು ಬಾಗಿಲ ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದಾರೆ. ಅವರ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಕಳೆ ಬಂದಿದೆ. ಕೊರಳಲ್ಲಿ ಹಳೆಯ ಸೀಟಿ ಬೇರೆ.

ಈ ಪೀಡೆ ತೊಲಗಲಿ ಅಂತ ಒರೆಸಪ್ಪ ತಾನೇ ಠಾಣೆಗೆ ಹೋದ. ಹೋಗಿ ದಫೇದಾರನ ಮುಂದೆ ಕೂತು, ಗುಂಡೂ ಇಲ್ಲ ಗಿಂಡೂ ಇಲ್ಲ, ಅದು ತುಕ್ಕು, ತಾನೇ ಕೆರೆದು ತೂತು ಮಾಡಿದ್ದು ಅಂತ ಇದ್ದದ್ದು ಇದ್ದ ಹಾಗೆ ಒಪ್ಪಿಸಿದ. ದಫೇದಾರ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ.

"ಹೀಗೆ ಹೇಳು ಅಂತ ನಿಮ್ಗೆ ಹೇಳ್ಕೊಟ್ಟಿದ್ದು ಯಾರು?"

"ಯಾರೂ ಇಲ್ಲ. ನಿಜವಾಗ್ಲೂ ತುಕ್ಕು."

"ತಮ್ಮ ಕಾರನ್ನ ತಾವೇ ಕೂತ್ಕೊಂಡು ತೂತು ಮಾಡೋ ಮನುಷ್ಯನ್ನ ನಾನು ನೋಡಿಲ್ಲ ಸಾರ್. ಫೋನಲ್ಲಿ ಬೆದರಿಸಿದ್ರಾ, ಎದುರಿಗೆ ಬಂದು ಬೆದರಿಸಿದ್ರಾ?"

ಒರೆಸಪ್ಪ ತಲೆ ಚಚ್ಚಿಕೊಂಡ. ತಲೆ ಚಚ್ಚಿಕೊಂಡಷ್ಟೂ ಅವನು ಹೆದರಿದ್ದಾನೆ ಅನ್ನುವುದು ದಫೇದಾರನಿಗೆ ಖಾತ್ರಿಯಾಗುತ್ತ ಹೋಯಿತು. ಕೊನೆಗೆ ಒಬ್ಬ ಪೇದೆಯನ್ನು ಜೊತೆಗೆ ಕೊಟ್ಟು ಮನೆ ಮುಟ್ಟಿಸಿದ. ಪೇದೆಯ ಜೊತೆ ಬಂದವನನ್ನು ಕಂಡು ಬೀದಿಯ ಕಿಟಕಿಗಳೆಲ್ಲ ಪಟಪಟ ಮುಚ್ಚಿಕೊಂಡವು. ಮನೆಯಲ್ಲಿ ಹೆಂಡತಿ ಸೋಫಾದ ಕೆಳಗೆ ಕಸ ಗುಡಿಸಲು ಹೋಗಿ ಬಟ್ಟಲನ್ನೂ ಚಾಕುವನ್ನೂ ಒಟ್ಟಿಗೇ ಪತ್ತೆ ಹಚ್ಚಿದ್ದಳು.

"ಇದನ್ನ ಯಾರು ಹೊಡೆದ್ರು ರೀ?" ಅಂದಳು, ಬಟ್ಟಲನ್ನು ಚಾಕುವಿನ ಹಿಡಿಯಿಂದ ಎತ್ತಿ ತೋರಿಸುತ್ತ.

ಭಾನುವಾರ ಬಂದೇ ಬಂತು. ಮಾವನೂ ಷಡ್ಡಕನೂ ಆಟೋದಿಂದ ಇಳಿಯುವಷ್ಟರಲ್ಲಿ ಬೀದಿ ನೆರೆದಿತ್ತು. ಬಂದವರಿಗೆ ಮನೆಯವರು ನೀರು ಕೊಡುವ ಮೊದಲೇ ಬಂದೂಕು ತಾತ ಸ್ಟೂಲಿನಿಂದ ಎದ್ದು ಸಲ್ಯೂಟ್ ಹೊಡೆದು ಕಥೆ ಶುರುಮಾಡಿದರು. ಅವರ ಕಥೆಯಲ್ಲಿ ಈಗ ಮುಸುಕು ಹಾಕಿದ ಇಬ್ಬರು ಬಂದು ಸೇರಿದ್ದರು. ಅದೇ ಹೊತ್ತಿಗೆ ದಫೇದಾರನೂ ಬಂದ. ಒಳಗೆ ಗುಂಡು ಇದೆಯೋ ಇಲ್ಲವೋ ಮೊದಲು ನೋಡು ಅಂತ ಮೇಲಿನವರು ಬೈದಿದ್ದರಂತೆ, ಅದಕ್ಕೆ ಟಿಂಕರ್ ಮೇಸ್ತ್ರಿಯನ್ನು ಎಳೆದುಕೊಂಡು ಬಂದಿದ್ದ. ಮೇಸ್ತ್ರಿ ಒರೆಸಪ್ಪನನ್ನು ನೋಡಿ, ನಿಮ್ಮ ಸ್ನೇಹಿತರ ಕಾರು ಇದೇನಾ ಅಂತ ಗಟ್ಟಿಯಾಗಿ ಕೇಳಿದ.

ಮಾವ ಬೆರಳ ಗೆಣ್ಣಿನಿಂದ ಬಾಗಿಲನ್ನು ಟಕ್ ಟಕ್ ಅಂತ ಬಡಿದು, ಕನ್ನಡಕ ಏರಿಸಿ ತೂತನ್ನು ನೋಡಿ, ಅಳಿಯನ ಕಡೆ ತಿರುಗಿದರು. ಆ ನೋಟಕ್ಕೆ ಹೆದರಿ ಹಿಂದೆಲ್ಲ ತಂತಿಗಳು ತಾವಾಗಿಯೇ ಹೋಗಿ ಊರು ಮುಟ್ಟುತ್ತಿದ್ದವಂತೆ. ಒರೆಸಪ್ಪನಿಗೆ ಸಾಕಾಗಿಹೋಗಿತ್ತು. ಸುಳ್ಳೂ ಹೇಳಲಾಗದೆ ನಿಜವನ್ನೂ ನಂಬಿಸಲಾಗದೆ ಅವನ ಜೀವ ಹೈರಾಣಾಗಿತ್ತು. ಹೋಗಲಿ ಕಾರು, ಹೋಗಲಿ ಮಾನ, ಈ ಗುಂಡೊಂದು ತನ್ನ ತಲೆಯಿಂದ ಇಳಿದರೆ ಸಾಕು ಅನಿಸಿಬಿಟ್ಟಿತು.

"ತುಕ್ಕು ಮಾವ" ಅಂದ, ಇಡೀ ಬೀದಿಗೆ ಕೇಳುವ ಹಾಗೆ. "ಇದು ತುಕ್ಕು. ಬಾಗಿಲಿಗೆ ತುಕ್ಕು ಹಿಡಿದಿತ್ತು, ನಾನೇ ಕೆರೆದೆ. ಯಾರೂ ನನ್ನ ಮೇಲೆ ಗುಂಡು ಹಾರಿಸಿಲ್ಲ. ಹಾರಿಸೋವಷ್ಟು ದೊಡ್ಡ ಮನುಷ್ಯ ನಾನಲ್ಲ."

ದರ್ಜಿ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಸ್ಕೂಟರ್ ಮಾರಿದ ದಿನದಿಂದ ಅವನು ಈ ಗಳಿಗೆಯನ್ನೇ ಕಾದಿದ್ದ.

"ತುಕ್ಕು ಹಿಡಿಯೋದು ಕಬ್ಬಿಣಕ್ಕಲ್ಲ ಸ್ವಾಮಿ" ಅಂದ ನಿಧಾನವಾಗಿ, ಒಂದೊಂದು ಪದವನ್ನೂ ಚಪ್ಪರಿಸಿಕೊಂಡು, "ಅದರ ಯಜಮಾನನಿಗೆ."

ಮಾವ ಕೈ ಮುಂದೆ ಚಾಚಿದರು. ಕೀ ಕೇಳುವ ಕೈ ಅದು. ಒರೆಸಪ್ಪ ಜೇಬಿನಿಂದ ಕೀ ತೆಗೆದ. ಷಡ್ಡಕ ಆಗಲೇ ಇಸ್ತ್ರಿ ಹಾಕಿದ ಕರವಸ್ತ್ರ ತೆಗೆದು ಸ್ಟಿಯರಿಂಗ್ ಒರೆಸಲು ತಯಾರಾಗಿ ಬಾಗಿಲ ಹತ್ತಿರ ಬಂದು ನಿಂತಿದ್ದ. ಹೆಂಡತಿ ಬಸ್ಸಿನ ವೇಳೆ ನೆನಪು ಮಾಡಿಕೊಳ್ಳುತ್ತಿರುವವಳ ಹಾಗೆ ದೂರ ನೋಡುತ್ತಿದ್ದಳು.

ಅಷ್ಟು ಹೊತ್ತಿಗೆ ಕಾರಿನ ಪಕ್ಕ ನೆಲದ ಮೇಲೆ ಅಂಗಾತ ಮಲಗಿ ಬಾಗಿಲಿನ ಅಡಿ ನೋಡುತ್ತಿದ್ದ ಮೇಸ್ತ್ರಿ ಹೋ ಅಂದ. "ಸುಮ್ನೆ ಒಬ್ರಿಗೊಬ್ರು ಯಾಕೆ ಬೈಕೋತೀರಾ. ಬಾಗಿಲ ಒಳಗೆ ಹೋದ ನೀರು ಇಳಿದು ಹೋಗ್ಲಿ ಅಂತ ಕಂಪನಿಯವ್ರೇ ಅಡೀಲಿ ತೂತು ಬಿಟ್ಟಿರ್ತಾರೆ. ಯಾರೋ ಪುಣ್ಯಾತ್ಮರು ಅದನ್ನ ಬಿಗಿಯಾಗಿ ಮುಚ್ಚಿಬಿಟ್ಟಿದಾರೆ. ದಿನಾ ಹೊಯ್ದಿದ್ದ ನೀರೆಲ್ಲ ಒಳಗೇ ನಿಂತಿದೆ. ಇನ್ನೇನಾಗತ್ತೆ?"

ಹೇಳುತ್ತಲೇ ಸ್ಕ್ರೂಡ್ರೈವರ್ ಹಾಕಿ ಮೀಟಿದ. ಬಾಗಿಲೊಳಗಿನ ಕಂದು ನೀರು ಭರ್ರನೆ ಇಳಿದು, ಹೊಳೆಯುತ್ತಿದ್ದ ಷಡ್ಡಕನ ಬೂಟುಗಳ ಮೇಲೆ ಹರಿಯಿತು. ಒರೆಸಪ್ಪ ಬೆಪ್ಪಾಗಿ ನಿಂತ. ಇಷ್ಟು ವರ್ಷ ಒರೆಸಿದ್ದಾನೆ, ಒಂದು ದಿನವಾದರೂ ಬಗ್ಗಿ ಬಾಗಿಲಿನ ಅಡಿ ನೋಡಿದವನಲ್ಲ. ಬೀದಿಗೆ ಕಾಣುವುದನ್ನಷ್ಟೇ ಒರೆಸಿಕೊಂಡು ಬಂದಿದ್ದ.

ಮೇಸ್ತ್ರಿ ಎದ್ದು ಅಂಗೈ ತೆರೆದು ತೋರಿಸಿದ. ಅಂಗೈಯಲ್ಲಿ ಕೆಂಪಗೆ, ಗಟ್ಟಿಯಾಗಿ, ಮೇಲೆ ಹೆಬ್ಬೆರಳು ಒತ್ತಿದ ಗುರುತಿರುವ ಒಂದು ಬಿರಡೆ.

ಬಂದೂಕು ತಾತ ರಕ್ತ ಅಂದರು. ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ. ಒರೆಸಪ್ಪನ ಹೆಂಡತಿ ಮುಂದೆ ಬಂದು ಆ ಬಿರಡೆಯನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು, ಮೂಸಿ ನೋಡಿದಳು. ಹುಟ್ಟಿದಾಗಿನಿಂದ ಸಕ್ಕರೆ ಡಬ್ಬಿಯಿಂದ ಔಷಧಿ ಶೀಸೆಯವರೆಗೆ ಅದನ್ನೇ ಕಿತ್ತು ಕಿತ್ತು ಉಗುರು ಸವೆಸಿಕೊಂಡವಳು ಅವಳು.

"ಅಪ್ಪಾ" ಅಂದಳು, ಬಹಳ ಮೆತ್ತಗೆ. "ಇದು ಅರಗು ಅಲ್ವಾ?"

ಮಾವನ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

"ಅಷ್ಟಕ್ಕೂ ಯಜಮಾನ ಅಂದ್ರೆ ನೀವೇ ತಾನೆ" ಅಂತ ಅವಳು ಅಷ್ಟೇ ಮೆತ್ತಗೆ ಮುಂದುವರಿಸಿದಳು. "ಕಾರು ಇನ್ನೂ ನಿಮ್ಮ ಹೆಸರಲ್ಲೇ ಇದೆ."

ಮಾವ ಆ ಕೈಯಿಂದಲೇ ಬಿರಡೆಯನ್ನು ಮಗಳ ಬೆರಳುಗಳಿಂದ ತೆಗೆದುಕೊಂಡು ಜೇಬಿಗೆ ಇಳಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲ ಮುಂದೆ ಬಗ್ಗಿ ತೂತನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ಎದ್ದು ನಿಂತು, ಪೋಸ್ಟಾಫೀಸಿನ ಕಿಟಕಿಯ ಹಿಂದಿನಿಂದ ಮಾತಾಡುವ ಗತ್ತಿನಲ್ಲಿ ಸಾರಿದರು:

"ಇದು ಗುಂಡೇ."

"ಮಾವ, ತುಕ್ಕು" ಅಂದ ಒರೆಸಪ್ಪ.

"ನೀವು ಸುಮ್ನಿರಿ ಅಳಿಯಂದಿರೇ. ನಿಮ್ಗೇನು ಗೊತ್ತು. ನಾನು ಓಡಿಸ್ತಿದ್ದ ಕಾಲದಲ್ಲಿ ಬಿದ್ದ ಗುಂಡಿದು. ಮನೆಯವರು ಹೆದರ್ತಾರೆ ಅಂತ ಇಷ್ಟು ದಿನ ಹೇಳಿರ್ಲಿಲ್ಲ."

ಬಂದೂಕು ತಾತ ಅಟೆನ್ಷನ್ನಿನಲ್ಲಿ ನಿಂತು ಮತ್ತೊಂದು ಸಲ್ಯೂಟ್ ಹೊಡೆದರು. ಹಾಗಾದರೆ ಆ ಗುಂಡು ಎಲ್ಲಿ ಅಂತ ದಫೇದಾರ ಕೇಳಿದ. ಈಗ ನೀರಿನ ಜೊತೆ ಹೋಯಿತಲ್ಲ, ನೋಡಲಿಲ್ಲವೇ ಅಂದರು ಮಾವ. ಗುಂಡು ಬಿದ್ದದ್ದು ಯಾವ ಊರಲ್ಲಿ ಅಂತ ದಫೇದಾರ ಇನ್ನೊಂದು ಪ್ರಶ್ನೆ ಹಾಕಿದ. ಬೇರೆ ಊರು, ಬಹಳ ದೂರ ಅಂದರು. ದಫೇದಾರನ ಮುಖ ಅರಳಿತು. ಬೇರೆ ಊರು ಅಂದರೆ ನಮ್ಮ ಸರಹದ್ದಲ್ಲ, ನಮ್ಮ ಸರಹದ್ದಲ್ಲ ಅಂದರೆ ನಮಗೆ ಸಂಬಂಧವೇ ಇಲ್ಲ ಅಂತ ಹೇಳಿ, ತಾನೇ ಬಗ್ಗಿ ತನ್ನ ಕೈಯಾರೆ ಸೀಮೆಸುಣ್ಣದ ಗೆರೆ ಅಳಿಸಿದ. ತುಕ್ಕು ಅನ್ನುವುದಕ್ಕೆ ನಾನೇ ಸಾಕ್ಷಿ ಅಂತ ಮೇಸ್ತ್ರಿ ಬಾಯಿ ತೆರೆದ. ದಫೇದಾರ ಅವನ ಭುಜ ಹಿಡಿದು ರಸ್ತೆಯ ಕಡೆಗೆ ತಿರುಗಿಸಿದ. ತೂತು ಈಗ ದೊಡ್ಡದಾಗಿದೆ, ಇನ್ನು ಅಂಗಡಿಗೆ ತರಬಹುದು ಅಂತ ಮೇಸ್ತ್ರಿ ಹೋಗುತ್ತಲೇ ಕೂಗಿ ಹೇಳಿದ.

ಉಳಿದದ್ದು ಕೀ. ಮಾವ ಚಿಕ್ಕ ಅಳಿಯನ ಕಡೆ ನೋಡಿದರು. ಷಡ್ಡಕ ಒದ್ದೆ ಬೂಟಿನಲ್ಲಿ ಪಚಪಚ ಅಂತ ಎರಡು ಹೆಜ್ಜೆ ಹಿಂದೆ ಸರಿದ. ಗುಂಡು ತಿಂದ ಗಾಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹೊಡೆದವರು ಇನ್ನೂ ಈ ನಂಬರನ್ನು ಹುಡುಕುತ್ತಿದ್ದರೆ ಏನು ಗತಿ, ತಾನು ಸುಮ್ಮನೆ ಬಂದದ್ದು ಅಂತ ತೊದಲಿದ. ಜೀವನದಲ್ಲಿ ಮೊದಲ ಬಾರಿಗೆ ಅವನು ಸುಮ್ಮನೆ ಬಂದು ಸುಮ್ಮನೆ ಹೋದ.

ಕೀ ಒರೆಸಪ್ಪನ ಕೈಯಲ್ಲೇ ಉಳಿಯಿತು. ಹೆಂಡತಿ ನಗು ತಡೆಯಲಾಗದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೆ ಒರೆಸಪ್ಪನಿಗೆ ಸಂತೋಷ ಪಡಲೂ ಬರಲಿಲ್ಲ. ನಿಜ ಹೇಳಿದವನು ತಾನೊಬ್ಬನೇ, ಇಡೀ ಬೀದಿಯಲ್ಲಿ ಸುಳ್ಳುಗಾರ ಅನ್ನಿಸಿಕೊಂಡವನೂ ತಾನೊಬ್ಬನೇ. ದರ್ಜಿಯಂತೂ ಇಷ್ಟು ದಿನ ಕಾದು ಎಸೆದ ಮಾತು ಗುಂಡಿನ ಕಥೆಯಲ್ಲಿ ವ್ಯರ್ಥವಾಯಿತಲ್ಲ ಅಂತ ಕತ್ತರಿ ಮುಟ್ಟದೆ ಅಂಗಡಿ ಮುಚ್ಚಿದ.

ಸಂಜೆ ಆಟೋ ಹತ್ತುವ ಮುಂಚೆ ಮಾವ ಅಳಿಯನನ್ನು ಮರೆಗೆ ಕರೆದರು. ಅತ್ತ ಇತ್ತ ನೋಡಿ, ಕಿವಿಯ ಹತ್ತಿರ ಬಾಗಿದರು.

"ಧೂಳು ಹೋಗಬಾರ್ದು ಅಂತ ಮಾಡಿದ್ದು" ಅಂದರು. "ಮಿಕ್ಕ ಬಾಗಿಲುಗಳಿಗೂ ಹಾಕಿದೀನಿ. ಯಾರೂ ಇಲ್ಲದಾಗ ತೆಗೆದುಬಿಡಿ. ಕಾರು ನಿಮ್ದೇ ಅಂತ ತಿಳ್ಕೊಳ್ಳಿ. ಆದ್ರೆ ಅರಗಿನ ವಿಷಯ ನಮ್ಮಲ್ಲೇ ಇರ್ಲಿ."

ಒರೆಸಪ್ಪ ತಲೆಯಾಡಿಸಿದ. ಇನ್ನು ಮೇಲೆ ಏನೇ ಆಗಲಿ, ಯಾರೇ ಕೇಳಲಿ, ಮೊದಲ ಮಾತಿಗೇ ನಿಜ ಹೇಳಿಬಿಡಬೇಕು ಅಂತ ಅವನು ಮಧ್ಯಾಹ್ನವಷ್ಟೇ ಪ್ರತಿಜ್ಞೆ ಮಾಡಿದ್ದ. ಆ ಪ್ರತಿಜ್ಞೆಗೆ ಅಷ್ಟೇ ಆಯುಸ್ಸು.

ಮಾರನೆಯ ಬೆಳಗ್ಗೆ, ಬೀದಿ ಇನ್ನೂ ಹಲ್ಲುಜ್ಜುತ್ತಿರುವಾಗ, ಒರೆಸಪ್ಪ ಬಕೆಟ್ಟನ್ನೂ ಬನಿಯನ್ನಿನ ತುಂಡನ್ನೂ ಬದಿಗಿಟ್ಟು ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ತೆವಳಿದ. ಹಿಂದಿನ ಬಾಗಿಲಿನ ಬಿರಡೆ ಹಟ ಹಿಡಿದಿತ್ತು. ಮೀಟಿ ಮೀಟಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಳ್ಳುವ ಹೊತ್ತಿಗೆ, ಕಾರಿನ ಪಕ್ಕದಲ್ಲಿ ಎರಡು ಚಪ್ಪಲಿ ಬಂದು ನಿಂತವು. ಆಮೇಲೆ ಮೊಣಕಾಲು. ಆಮೇಲೆ ಬಂದೂಕು ತಾತನ ತಲೆಕೆಳಗಾದ ಮುಖ, ಅದರಿಂದ ನೇತಾಡುತ್ತಿದ್ದ ಸೀಟಿ.

"ಕಾರಿನ ಕೆಳಗೆ ಏನಪ್ಪಾ ಹುಡುಕ್ತಿದೀಯಾ?"

ಒರೆಸಪ್ಪ ಮುಷ್ಟಿಯೊಳಗಿನ ಅರಗನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಾವನ ಮುಖ ನೆನಪಾಯಿತು.

"ಅದು... ಬಿಡಿ ತಾತ, ಈಗ್ಯಾಕೆ" ಅಂದ.

ತಾತನ ಕಣ್ಣು ಅಗಲವಾದವು. ಅವನ ಮುಷ್ಟಿಯನ್ನು ನೋಡಿದರು, ಕಾರಿನ ಅಡಿಯನ್ನು ನೋಡಿದರು, ಮೆಲ್ಲಗೆ ಎದ್ದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಸೀಟಿಯನ್ನು ಬಾಯಿಗೆ ಹಾಕಿಕೊಂಡರು. ಬಾಂಬು, ಎಲ್ಲರೂ ಮನೆ ಬಿಟ್ಟು ಹೊರಗೆ ಓಡಿ ಅಂತ ಅವರು ಕೂಗುವುದು ಕಾರಿನ ಅಡಿಯಲ್ಲಿ ಮಲಗಿದ್ದ ಒರೆಸಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಹೊರಗೆ ಬರುವ ಗೋಜಿಗೆ ಹೋಗಲಿಲ್ಲ. ಹೇಗೂ ಮಲಗಿದ್ದಾನಲ್ಲ, ಉಳಿದ ಬಾಗಿಲುಗಳ ಕಡೆಗೆ ತೆವಳಿದ.